ಕಟ್ಟಡ ಯಾರ ಹೆಸರಿಗೆ? ಓಂ ಶಿನ್ರಿಕ್ಯೊ ಮತ್ತು ಜಪಾನಿನ ಊರುಗಳ 35 ವರ್ಷದ ಜಗಳ

ಜಪಾನಿನಲ್ಲಿ ವರ್ಷಕ್ಕೆ ಸುಮಾರು 450 ಸರ್ಕಾರಿ ಶಾಲೆಗಳು ಬಾಗಿಲು ಹಾಕುತ್ತವೆ. ಓದಲು ಮಕ್ಕಳೇ ಇಲ್ಲ. ಖಾಲಿ ಬಿದ್ದ ಶಾಲೆ, ಹಳೆಯ ಕಚೇರಿ, ನೌಕರರ ವಸತಿಗೃಹಗಳನ್ನು ಇಟ್ಟುಕೊಂಡು ಸುಣ್ಣಬಣ್ಣದ ಖರ್ಚು ಹೊರಲಾರದೆ ಪುರಸಭೆಗಳು ಹರಾಜಿಗೆ ಇಡುತ್ತವೆ. ಅಂಥ ಹರಾಜಿನ ಪ್ರಕಟಣೆಗಳನ್ನು ಓದಿದರೆ, ಯಾರು ಬಿಡ್ ಹಾಕುವಂತಿಲ್ಲ ಎಂಬ ಪಟ್ಟಿಯಲ್ಲಿ ಮೊದಲಿಗೆ ದಿವಾಳಿಯಾದವರು, ತೆರಿಗೆ ಬಾಕಿ ಉಳಿಸಿಕೊಂಡವರು ಸಿಗುತ್ತಾರೆ. ಆಮೇಲೆ ಯಾಕುಜಾ ಗ್ಯಾಂಗಿನವರು. ಅದರ ಕೆಳಗೆ ಹಲವು ಪ್ರಕಟಣೆಗಳಲ್ಲಿ ಇನ್ನೊಂದು ಸಾಲು ಇರುತ್ತದೆ: ಸಾಮೂಹಿಕ ಹತ್ಯೆ ನಡೆಸಿದ ಸಂಘಟನೆಗಳ ನಿಯಂತ್ರಣ ಕಾಯ್ದೆಯ 5ನೇ ವಿಧಿಯ ಪ್ರಕಾರ ನಿಗಾದಲ್ಲಿರುವ ಸಂಘಟನೆ ಮತ್ತು ಅದರ ಸದಸ್ಯರು.

ಸಾಲಿನಲ್ಲಿ ಯಾರ ಹೆಸರೂ ಇಲ್ಲ. ಆದರೆ ಇಡೀ ದೇಶದಲ್ಲಿ ಆ ವಿಧಿಯಡಿ ನಿಗಾದಲ್ಲಿರುವುದು ಒಂದೇ ವಂಶ. 1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲ ಬಿಟ್ಟ ಓಂ ಶಿನ್ರಿಕ್ಯೊ, ಮತ್ತು ಅದರಿಂದ ಒಡೆದು ಹುಟ್ಟಿದ ಗುಂಪುಗಳು. ಮುಚ್ಚಿದ ಶಾಲೆಯ ಮಾರಾಟದ ಷರತ್ತಿನಲ್ಲಿ ಈ ಸಾಲು ಬಂದು ಕೂರುವ ಮೊದಲು ಜಪಾನಿನ ಊರುಗಳು ಹತ್ತು ವರ್ಷ ಬೇರೆ ಎಲ್ಲ ದಾರಿಗಳನ್ನೂ ಹಿಡಿದು ನೋಡಿದ್ದವು. ಪಹರೆ ಕೂತರು, ರಸ್ತೆ ತಡೆದರು, ವಾಸದ ದಾಖಲೆ ಕೊಡದೆ ಸತಾಯಿಸಿದರು, ಕೊನೆಗೆ ದುಡ್ಡು ಕೊಟ್ಟು ಕಳಿಸಿದರು. ಇವುಗಳಲ್ಲಿ ಹೆಚ್ಚಿನವು ಕೋರ್ಟಿನಲ್ಲಿ ಬಿದ್ದುಹೋದವು, ಇಲ್ಲವೇ ಸಮಸ್ಯೆಯನ್ನು ಪಕ್ಕದ ಊರಿಗೆ ದಾಟಿಸಿದವು. ಕೆಲಸಕ್ಕೆ ಬಂದದ್ದು ಕಾಗದಪತ್ರದ ನೀರಸ ಕೆಲಸ.

ಗುಂಪಿನ ಬಗ್ಗೆ ನಾಲ್ಕು ಮಾತು. ಕುಮಾಮೊಟೊ ಜಿಲ್ಲೆಯಲ್ಲಿ 1955ರಲ್ಲಿ ಹುಟ್ಟಿದ ಚಿಜುವೊ ಮತ್ಸುಮೊಟೊ ಎಂಬಾತ 1984ರಲ್ಲಿ ಟೋಕಿಯೊದಲ್ಲಿ ಯೋಗ ಕಲಿಸುವ ಒಂದು ಸಣ್ಣ ಕೂಟ ಶುರುಮಾಡಿದ. ಮುಂದೆ ಶೋಕೊ ಅಸಹರಾ ಎಂದು ಹೆಸರು ಬದಲಿಸಿಕೊಂಡ. 1987ರಲ್ಲಿ ಕೂಟ ‘ಓಂ ಶಿನ್ರಿಕ್ಯೊ’ ಆಯಿತು. ಶಿನ್ರಿಕ್ಯೊ ಎಂದರೆ ಸತ್ಯಬೋಧೆ. ಟಿಬೆಟಿನ ವಜ್ರಯಾನ, ಪತಂಜಲಿಯ ಯೋಗ, ಶಿವ, ಪ್ರಳಯ ಎಲ್ಲ ಕಲಸಿದ ಬೋಧನೆ ಅದು. ತಾನು ಬೌದ್ಧ ಸಂಸ್ಥೆ ಎಂದೇ ಹೇಳಿಕೊಂಡಿತು. ಜಪಾನಿನ ಸಾಂಪ್ರದಾಯಿಕ ಬೌದ್ಧ ಪಂಥಗಳು ಅದನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಲಿಲ್ಲ. ಅದೇ 1987ರಲ್ಲಿ ಅಸಹರಾ ಭಾರತಕ್ಕೆ ಬಂದು ದಲೈ ಲಾಮಾ ಅವರನ್ನು ಭೇಟಿಯಾದ. ಜೊತೆಗೆ ನಿಂತು ತೆಗೆಸಿಕೊಂಡ ಫೋಟೊವನ್ನು ವರ್ಷಗಟ್ಟಲೆ ಪ್ರಚಾರಕ್ಕೆ ಬಳಸಿದ. ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುವುದು ಇನ್ನೊಂದಿದೆ. ಮೌಂಟ್ ಫುಜಿಯ ಬುಡದಲ್ಲಿ ಅವರು ಕಟ್ಟಿದ ಶೆಡ್ಡುಗಳ ಹೆಸರು ‘ಸತ್ಯಂ’. 1ನೇ ಸತ್ಯಂ, 2ನೇ ಸತ್ಯಂ, ಹೀಗೆ. ಸಾರಿನ್ ಕಾರ್ಖಾನೆ ಕಟ್ಟಿದ್ದು 7ನೇ ಸತ್ಯಂನಲ್ಲಿ.

1989ರ ಆಗಸ್ಟ್‌ನಲ್ಲಿ ಟೋಕಿಯೊ ಆಡಳಿತ ಈ ಗುಂಪಿಗೆ ಧಾರ್ಮಿಕ ಸಂಸ್ಥೆಯ ಮಾನ್ಯತೆ ಕೊಟ್ಟಿತು. ಅಲ್ಲಿಂದ ಆಸ್ತಿಯನ್ನು ಸಂಸ್ಥೆಯ ಹೆಸರಿನಲ್ಲೇ ಹೊಂದಬಹುದಾಯಿತು, ತೆರಿಗೆ ರಿಯಾಯಿತಿಯೂ ಸಿಕ್ಕಿತು. ಜಾಗ ಕೊಳ್ಳುವ ಭರಾಟೆ ಜೋರಾದದ್ದು ಆಮೇಲೆ.

ನಮಿನೊ: ಕ್ರಯವನ್ನು ದಾನ ಎಂದು ಬರೆಸಿದ್ದು

ಕ್ಯೂಶು ದ್ವೀಪದ ಆಸೊ ಜ್ವಾಲಾಮುಖಿಯ ಹೊರ ಅಂಚಿನ ಎತ್ತರದಲ್ಲಿ ನಮಿನೊ ಎಂಬ ಹಳ್ಳಿ ಇತ್ತು. ಎರಡು ಸಾವಿರದ ಆಸುಪಾಸು ಜನ, ತರಕಾರಿ ಬೇಸಾಯ. 1990ರ ಮೇ ತಿಂಗಳಲ್ಲಿ ಅಲ್ಲಿ ಸುಮಾರು 15 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ 37 ಎಕರೆ ಕಾಡುಭೂಮಿ ಓಂ ಶಿನ್ರಿಕ್ಯೊ ಕೈ ಸೇರಿತು. ಊರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮರ ಕಡಿದು ನೆಲ ಸಮ ಮಾಡುವ ಯಂತ್ರಗಳು ಬಂದಿದ್ದವು. ಹಿಂದೆಯೇ ನೂರಾರು ಅನುಯಾಯಿಗಳು ಬಂದರು.

ಜಪಾನಿನ ಭೂಬಳಕೆ ಯೋಜನಾ ಕಾಯ್ದೆಯ ಪ್ರಕಾರ ದೊಡ್ಡ ಜಮೀನಿನ ವಹಿವಾಟನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನಗರ ಯೋಜನೆಯ ಹೊರಗಿನ ಪ್ರದೇಶದಲ್ಲಿ ಮಿತಿ 1 ಹೆಕ್ಟೇರ್. ಆಗಿನ ನಿಯಮದಲ್ಲಿ ಒಪ್ಪಂದಕ್ಕೆ ಮೊದಲೇ ಬೆಲೆ ಮತ್ತು ಉದ್ದೇಶ ತಿಳಿಸಬೇಕಿತ್ತು. ಆದರೆ ಈ ನಿಯಮ ದುಡ್ಡು ಕೈ ಬದಲಿಸುವ ವಹಿವಾಟಿಗೆ ಮಾತ್ರ, ದಾನಕ್ಕಲ್ಲ. ಓಂನವರು ಮಾಡಿದ್ದು ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂರುವ ಪತ್ರಬರಹಗಾರರಿಗೆ ತಕ್ಷಣ ಹೊಳೆಯುವಂಥದ್ದು: ಕ್ರಯವನ್ನು ಷರತ್ತುಬದ್ಧ ದಾನಪತ್ರ ಎಂದು ಬರೆಸಿದರು. ದಾನ ಎಂದಮೇಲೆ ವರದಿ ಬೇಡ, ವರದಿ ಇಲ್ಲ ಎಂದಮೇಲೆ ಊರಿಗೆ ಸುಳಿವಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಪೊಲೀಸರು ಇದೇ ಎಳೆ ಹಿಡಿದು ದಾಳಿ ಮಾಡಿದರು. ಸಂಘಟನೆಯ ವಕೀಲ ಸೇರಿದಂತೆ ಹಿರಿಯ ಸದಸ್ಯರ ಬಂಧನವಾಯಿತು. ಅನುಮತಿಯಿಲ್ಲದೆ ಕಾಡು ಕಡಿದದ್ದಕ್ಕೆ ಅರಣ್ಯ ಕಾಯ್ದೆಯ ಪ್ರಕರಣವೂ ಸೇರಿಕೊಂಡಿತು. ಊರಿಗೆ ಸಿಕ್ಕಿದ್ದ ಅತ್ಯಂತ ಗಟ್ಟಿ ಹಿಡಿತ ಇದೇ. ಧರ್ಮ, ನಂಬಿಕೆ, ಭಯ ಯಾವುದೂ ಇಲ್ಲದ ಒಂದು ಕಾಗದದ ತಪ್ಪು.

ಆದರೆ ಹಳ್ಳಿಯ ಆಡಳಿತ ನೆಚ್ಚಿಕೊಂಡದ್ದು ಬೇರೊಂದನ್ನು. ಹೊಸಬರು ಬಂದು ಸಲ್ಲಿಸಿದ ವಾಸಸ್ಥಳ ಬದಲಾವಣೆಯ ಅರ್ಜಿಗಳನ್ನು ತಿರಸ್ಕರಿಸಿತು. ಜಪಾನಿನಲ್ಲಿ ಈ ನಿವಾಸಿ ದಾಖಲೆ ಇಲ್ಲದಿದ್ದರೆ ಮತದ ಹಕ್ಕಿಲ್ಲ, ಆರೋಗ್ಯ ವಿಮೆ ಇಲ್ಲ, ಮಕ್ಕಳ ಶಾಲೆ ಕಷ್ಟ, ಆಸ್ತಿ ವಹಿವಾಟಿಗೆ ಬೇಕಾದ, ಸಹಿಯ ಬದಲು ಒತ್ತುವ ಸ್ವಂತ ಮುದ್ರೆಯ ನೋಂದಣಿಯೂ ಇಲ್ಲ. ರೇಷನ್ ಕಾರ್ಡು, ಆಧಾರ್, ವೋಟರ್ ಐಡಿ ಮೂರನ್ನೂ ಒಟ್ಟಿಗೆ ಕಿತ್ತುಕೊಂಡ ಹಾಗೆ. ಊರವರಿಗೆ ಇನ್ನೊಂದು ಭಯವೂ ಇತ್ತು. ಎರಡು ಸಾವಿರ ಜನರ ಊರಿಗೆ ನೂರಾರು ಮತದಾರರು ಒಮ್ಮೆಲೇ ಸೇರಿದರೆ ಪಂಚಾಯಿತಿಯೇ ಅವರ ಕೈಗೆ ಹೋದೀತು. ಆ ಭಯ ಪೂರ್ತಿ ಹುಚ್ಚಲ್ಲ. 1990ರ ಫೆಬ್ರುವರಿಯಲ್ಲಷ್ಟೇ ಅಸಹರಾ ಸೇರಿ 25 ಮಂದಿ ಸಂಸತ್ತಿಗೆ ನಿಂತು ಸೋತಿದ್ದರು.

ಓಂ ಕೋರ್ಟಿಗೆ ಹೋಯಿತು. ಹಳ್ಳಿಯ ಕಡೆ ಕಾನೂನು ಇರಲಿಲ್ಲ, ಮೊಕದ್ದಮೆ ಎಳೆದಷ್ಟೂ ಪರಿಹಾರದ ಹೊರೆ ಬೆಳೆಯುತ್ತಿತ್ತು. ಕೊನೆಗೆ 1994ರ ಆಗಸ್ಟ್‌ನಲ್ಲಿ ರಾಜಿ. ಹಳ್ಳಿ ಕೊಡಬೇಕಾದ ಮೊತ್ತ 92 ಕೋಟಿ ಯೆನ್, ಪ್ರತಿಯಾಗಿ ಓಂ ಜಾಗ ಖಾಲಿ ಮಾಡಬೇಕು. ತಲೆಗೆ ಸುಮಾರು ನಾಲ್ಕೂವರೆ ಲಕ್ಷ ಯೆನ್ ಬಿತ್ತು, ಕೂಸುಗಳನ್ನೂ ಲೆಕ್ಕ ಹಿಡಿದು. ಕೊಂಡ ಬೆಲೆಯ ಎಷ್ಟೋ ಪಟ್ಟು ಹಣ ಓಂ ಖಜಾನೆ ಸೇರಿತು. ಆ ರಾಜಿಗೆ ಸಹಿ ಬಿದ್ದ ಹೊತ್ತಿಗೆ ಫುಜಿ ಬುಡದಲ್ಲಿ ಸಾರಿನ್ ತಯಾರಾಗಿತ್ತು, ಅದು ಜನರ ಪ್ರಾಣವನ್ನೂ ತೆಗೆದಿತ್ತು. ಹಳ್ಳಿಯವರಿಗೆ ಅದು ಗೊತ್ತಾಗುವ ದಾರಿ ಇರಲಿಲ್ಲ.

ಮತ್ಸುಮೊಟೊ: ಜಾಗದ ವ್ಯಾಜ್ಯವೇ ಕಾರಣವಾದದ್ದು

ಪ್ರಾಣ ತೆಗೆದ ಆ ದಾಳಿ ನಡೆದದ್ದು ನಾಗಾನೊ ಜಿಲ್ಲೆಯ ಮತ್ಸುಮೊಟೊ ನಗರದಲ್ಲಿ, 1994ರ ಜೂನ್ 27ರ ರಾತ್ರಿ. ಗುರಿ, ಒಂದು ಆಸ್ತಿ ವ್ಯಾಜ್ಯದ ನ್ಯಾಯಾಧೀಶರು.

ಇಲ್ಲಿ ಓಂ ಒಂದು ಶಾಖೆ ಮತ್ತು ಆಹಾರ ಕಾರ್ಖಾನೆಗೆ ಜಾಗ ಹಿಡಿದಿತ್ತು. ಒಂದು ಭಾಗ ಕ್ರಯಕ್ಕೆ, ಇನ್ನೊಂದು ಭಾಗ ಬಾಡಿಗೆಗೆ. ಪಡೆದವರು ಓಂ ಎಂದು ತಿಳಿಸಿರಲಿಲ್ಲ. ಗೊತ್ತಾದ ಮೇಲೆ ನೆರೆಹೊರೆಯವರು ಸಂಘ ಕಟ್ಟಿದರು, ಜಮೀನಿನ ಹಿಂದಿನ ಒಡೆಯರು ಮೋಸದಿಂದ ಪಡೆದ ಒಪ್ಪಂದ ರದ್ದಾಗಬೇಕೆಂದು ಕೋರ್ಟಿಗೆ ಹೋದರು. 1992ರ ಜನವರಿಯಲ್ಲಿ ಬಾಡಿಗೆ ಭಾಗದಲ್ಲಿ ಕಟ್ಟಡಕ್ಕೆ ಅಡ್ಡಿ ಬಿತ್ತು. ಹಾಗಾಗಿ ಕ್ರಯದ ಭಾಗದಲ್ಲಿ ಮಾತ್ರ, ಅಂದುಕೊಂಡದ್ದಕ್ಕಿಂತ ಚಿಕ್ಕ ಕಟ್ಟಡ ಎದ್ದಿತು.

ಇಲ್ಲೊಂದು ಸೂಕ್ಷ್ಮವಿದೆ. ಊರಿನ ವಿರೋಧ ಎಲ್ಲಕ್ಕಿಂತ ಬೇಗ ಫಲ ಕೊಟ್ಟದ್ದು ಬಾಡಿಗೆ ಜಾಗದಲ್ಲಿ. ಬಾಡಿಗೆ ಎಂದರೆ ನಡೆಯುತ್ತಿರುವ ಸಂಬಂಧ. ಒಡೆಯನಿಗೆ ಹೇಳಿದ್ದು ಒಂದು, ಮಾಡುತ್ತಿರುವುದು ಇನ್ನೊಂದು ಎಂದು ತೋರಿಸಿದರೆ ಜಪಾನಿನ ಕೋರ್ಟುಗಳು ‘ನಂಬಿಕೆ ಮುರಿದಿದೆ’ ಎಂಬ ಆಧಾರದ ಮೇಲೆ ಒಪ್ಪಂದ ಕಡಿಯಲು ಬಿಡುತ್ತವೆ. ಒಡೆಯನ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಒಳಬಾಡಿಗೆ ಕೊಟ್ಟರೆ ಸಿವಿಲ್ ಸಂಹಿತೆಯ 612ನೇ ವಿಧಿ ನೇರವಾಗಿಯೇ ಸಿಗುತ್ತದೆ. ಕ್ರಯ ಹಾಗಲ್ಲ. ದುಡ್ಡು ಸಂದು ನೋಂದಣಿಯಾದರೆ ಮೋಸ ಅಥವಾ ತಪ್ಪುತಿಳಿವಳಿಕೆ ಸಾಬೀತು ಮಾಡುವ ಭಾರ ಮಾರಿದವನ ತಲೆಗೆ ಬರುತ್ತದೆ, ಅದಕ್ಕೆ ವರ್ಷಗಳು ಬೇಕು. ಕೊಂಡವನಿಗೆ ತಾನು ಯಾವ ಧರ್ಮದವನೆಂದು ಹೇಳುವ ಹೊಣೆಯೂ ಸಾಮಾನ್ಯವಾಗಿ ಇಲ್ಲ.

ತೀರ್ಪು 1994ರ ಜುಲೈ 19ಕ್ಕೆ ನಿಗದಿಯಾಗಿತ್ತು. ಸೋಲುತ್ತೇವೆಂದು ಎಣಿಸಿದ ಅಸಹರಾ, ನ್ಯಾಯಾಧೀಶರ ವಸತಿಗೃಹದ ಮೇಲೆ ಸಾರಿನ್ ಬಿಡಿಸಿದ. ಗಾಳಿ ಅದನ್ನು ಸುತ್ತಲ ಮನೆಗಳಿಗೆ ಹರಡಿತು. ಒಟ್ಟು 8 ಜನ ಸತ್ತರು; ಎಂಟನೆಯ ಮಹಿಳೆ 14 ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದು 2008ರಲ್ಲಿ ತೀರಿಕೊಂಡರು. ಪೊಲೀಸರೂ ಪತ್ರಿಕೆಗಳೂ ತಿಂಗಳುಗಟ್ಟಲೆ ಶಂಕಿಸಿದ್ದು ಮೊದಲು ಫೋನ್ ಮಾಡಿ ಸಹಾಯ ಕೇಳಿದ ಆ ಮಹಿಳೆಯ ಗಂಡನನ್ನೇ.

ಎರಡು ವಾರ ಕಳೆಯುವಷ್ಟರಲ್ಲಿ, ಫುಜಿ ಬುಡದ ಕಮಿಕುಇಶಿಕಿ ಹಳ್ಳಿಯವರು ಸತ್ಯಂ ಕಡೆಯಿಂದ ಕೆಟ್ಟ ವಾಸನೆ ಬರುತ್ತಿದೆ ಎಂದು ದೂರು ಕೊಟ್ಟರು. ಅಲ್ಲಿನ ಮಣ್ಣಿನಲ್ಲಿ ಸಾರಿನ್ ತಯಾರಿಕೆಯ ಉಳಿಕೆ ಸಿಕ್ಕಿದೆ ಎಂಬ ಸುದ್ದಿ 1995ರ ಜನವರಿ 1ರ ಯೊಮಿಯುರಿ ಪತ್ರಿಕೆಯಲ್ಲಿ ಬಂತು. ಟೋಕಿಯೊ ದಾಳಿ ನಡೆದದ್ದು ಮಾರ್ಚ್ 20ಕ್ಕೆ. ಹೈನು ಸಾಕಿಕೊಂಡಿದ್ದ ಊರವರು ಹೊತ್ತು, ಲಾರಿಯ ನಂಬರು, ವಾಸನೆ, ಹೊಗೆಯ ಬಣ್ಣ ಗಮನಿಸುತ್ತಲೇ ಇದ್ದರು. ‘ಓಂ ತೊಲಗಲಿ’ ಎಂಬ ಫಲಕಕ್ಕಿಂತ ಈ ಕೆಲಸಕ್ಕೆ ತೂಕ ಹೆಚ್ಚು ಎನ್ನಲು ಬೇರೆ ಸಾಕ್ಷಿ ಬೇಡ.

ವಿಸರ್ಜನೆಯಿಂದ ಹುಟ್ಟಿದ ಹೊಸ ತೊಡಕು

1995ರ ಅಕ್ಟೋಬರಿನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಸಂಸ್ಥೆಯ ವಿಸರ್ಜನೆಗೆ ಆದೇಶಿಸಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ದಿವಾಳಿ ಘೋಷಣೆ. ಆಸ್ತಿ ಮಾರಿ ಸಂತ್ರಸ್ತರಿಗೆ ಹಂಚಲು ನೇಮಕಗೊಂಡ ಅಧಿಕಾರಿ ವರ್ಷಾಂತ್ಯದೊಳಗೆ ಸತ್ಯಂಗಳಲ್ಲಿದ್ದವರನ್ನು ಹೊರಡಿಸಿದರು, 1998ರ ಹೊತ್ತಿಗೆ ಶೆಡ್ಡುಗಳು ನೆಲಸಮವಾದವು.

ಜನ ಇದನ್ನು ನಿಷೇಧ ಎಂದುಕೊಂಡರು. ಆದರೆ ಕಾನೂನಿನಲ್ಲಿ ವಿಸರ್ಜನೆ ಎಂದರೆ ಸಂಸ್ಥೆಯ ಕಾನೂನು ದೇಹ ಹೋಯಿತು, ತೆರಿಗೆ ರಿಯಾಯಿತಿ ಹೋಯಿತು ಅಷ್ಟೆ. ನಂಬುವವರು ಸೇರಿ ಧ್ಯಾನ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ಆದೇಶದಲ್ಲಿ ಹೇಳಿತ್ತು. ಸಂಘಟನೆಯನ್ನೇ ನಿಷೇಧಿಸುವ ಪ್ರತ್ಯೇಕ ಅರ್ಜಿಯನ್ನು 1997ರ ಜನವರಿಯಲ್ಲಿ ಸಾರ್ವಜನಿಕ ಭದ್ರತಾ ಪರಿಶೀಲನಾ ಆಯೋಗ ತಳ್ಳಿಹಾಕಿತು. ಹೀಗಾಗಿ ಸಂಸ್ಥೆಯ ಹೆಸರಿನಲ್ಲಿ ಕಣ್ಣಿಗೆ ಬೀಳುತ್ತಿದ್ದ ಆಸ್ತಿ ಇನ್ನು ಮುಂದೆ ಒಬ್ಬೊಬ್ಬ ಸದಸ್ಯರ, ಸಣ್ಣಪುಟ್ಟ ಕಂಪನಿಗಳ ಹೆಸರಿಗೆ ಹೋಯಿತು. ನೋಂದಣಿ ಪುಸ್ತಕ ತೆರೆದು ನೋಡಿದರೆ ಕಾಣುವುದು ಯಾರೋ ಒಬ್ಬ ಸಾಮಾನ್ಯ ನಾಗರಿಕನ ಹೆಸರು. ಮೊದಲು ಕಾಗದ ಓದಿ ಪತ್ತೆ ಹಚ್ಚಬಹುದಿತ್ತು, ಈಗ ಅದೂ ಕಷ್ಟವಾಯಿತು.

1998ರಿಂದ 2000ದವರೆಗೆ ಅನುಯಾಯಿಗಳು ಊರಿಂದ ಊರಿಗೆ ಅಲೆದರು. ನಾಗಾನೊದ ಕಿತಾಮಿಮಾಕಿ, ತೊಚಿಗಿಯ ಒತಾವಾರಾ, ಗುನ್ಮಾದ ಫುಜಿಯೊಕಾ, ಟೋಕಿಯೊದ ಹಲವು ವಾರ್ಡುಗಳು. ಎಲ್ಲೆಡೆ ಒಂದೇ ಕ್ರಮ: ಪಹರೆ ಗುಡಿಸಲು, ಪಾಳಿ, ಸಹಿ ಸಂಗ್ರಹ, ಜೊತೆಗೆ ಪುರಸಭೆಯಿಂದ ನಿವಾಸಿ ದಾಖಲೆಯ ನಿರಾಕರಣೆ. ಅಸಹರಾನ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲೂ ಊರುಗಳು ಒಪ್ಪಲಿಲ್ಲ. ಅಪ್ಪನ ಅಪರಾಧಕ್ಕೆ ಏಳೆಂಟು ವರ್ಷದ ಮಗುವಿಗೆ ಬಾಗಿಲು ಹಾಕಿದ್ದು ಈ ಚಳವಳಿಯ ಅತಿ ಕೆಟ್ಟ ಅಧ್ಯಾಯ, ಅದನ್ನು ಭಯ ಎಂದು ಹೇಳಿ ತೇಲಿಸುವಂತಿಲ್ಲ. ಫುಜಿಯೊಕಾದಲ್ಲಿ ಮಾತ್ರ ಬೇರೆ ನಡೆಯಿತು. ಕಾವಲು ಕೂತವರು ಬೇಲಿಯಾಚೆಯ ಹುಡುಗರೊಂದಿಗೆ ದಿನವೂ ಮಾತಾಡುತ್ತ ಆಡುತ್ತ ಪರಿಚಿತರಾಗಿಬಿಟ್ಟರು.

ನಿವಾಸಿ ದಾಖಲೆಯ ಜಗಳ ಮುಗಿದದ್ದು 2003ರ ಜೂನ್ 26ರಂದು. ಸುಪ್ರೀಂ ಕೋರ್ಟ್ ಹೇಳಿದ್ದು ಸರಳ. ಒಬ್ಬ ವ್ಯಕ್ತಿ ಆ ವಿಳಾಸದಲ್ಲಿ ನಿಜವಾಗಿ ವಾಸವಿದ್ದಾನೆಯೇ ಎಂಬುದಷ್ಟನ್ನೇ ಪುರಸಭೆ ನೋಡಬೇಕು. ವಾಸವಿದ್ದರೆ ದಾಖಲಿಸಬೇಕು. ಊರಿನ ನೆಮ್ಮದಿಗೆ ಧಕ್ಕೆ ಬಂದೀತು ಎಂಬ ಕಾರಣಕ್ಕೆ ನಿರಾಕರಿಸುವ ಅಧಿಕಾರ ಕಾಯ್ದೆಯಲ್ಲಿಲ್ಲ. ಹದಿಮೂರು ವರ್ಷ ಊರುಗಳು ಹಿಡಿದಿದ್ದ ಮುಖ್ಯ ಆಯುಧ ಅಂದಿಗೆ ಮೊಂಡಾಯಿತು.

ನಗರ ಯೋಜನೆಯ ಕಾನೂನೂ ಒದಗಲಿಲ್ಲ. ಜಪಾನಿನಲ್ಲಿ ದೇವಾಲಯ, ಚರ್ಚು, ಬುದ್ಧಮಂದಿರಗಳನ್ನು ಯಾವ ವಲಯದಲ್ಲಾದರೂ ಕಟ್ಟಬಹುದು, ಅತಿ ಕಟ್ಟುನಿಟ್ಟಿನ ವಸತಿ ವಲಯದಲ್ಲೂ. ‘ಇದು ಮನೆಗಳ ಬೀದಿ, ಇಲ್ಲಿ ಮಠ ಬೇಡ’ ಎನ್ನುವ ಆಕ್ಷೇಪಕ್ಕೆ ನೆಲೆಯೇ ಇಲ್ಲ. ಇರುವುದು ಚಿಕ್ಕ ಹಿಡಿತಗಳು. ಗೋದಾಮು ಎಂದು ಅನುಮತಿ ಪಡೆದ ಕಟ್ಟಡದಲ್ಲಿ ಜನರನ್ನು ಮಲಗಿಸಿದರೆ ಅದು ವಸತಿನಿಲಯವಾಗುತ್ತದೆ. ಹಾಗೆ ಬದಲಿಸುವ ಭಾಗ 200 ಚದರ ಮೀಟರ್ ದಾಟಿದರೆ ಕಟ್ಟಡ ಕಾಯ್ದೆಯ ಹೊಸ ಅನುಮೋದನೆ ಬೇಕು. 2019ಕ್ಕೆ ಮೊದಲು ಈ ಮಿತಿ 100 ಚದರ ಮೀಟರ್ ಇತ್ತು. ಅಗ್ನಿಶಾಮಕದವರು ತುರ್ತು ದಾರಿ, ಅಲಾರಂ, ಪರದೆಯ ಬಟ್ಟೆ ನೋಡಬಹುದು. ಇವುಗಳಿಂದ ಯಾರನ್ನೂ ಓಡಿಸಲಾಗದು, ಆದರೆ ಒಳಗೆ ಎಷ್ಟು ಜನ, ಏನು ನಡೆಯುತ್ತಿದೆ ಎಂಬುದು ಸರ್ಕಾರಿ ಕಡತದಲ್ಲಿ ದಾಖಲಾಗುತ್ತದೆ.

1999ರ ಕಾಯ್ದೆ ಹೇಗೆ ಕೆಲಸ ಮಾಡುತ್ತದೆ

ಊರೂರುಗಳ ಗಲಾಟೆಯ ಒತ್ತಡಕ್ಕೆ 1999ರ ಡಿಸೆಂಬರಿನಲ್ಲಿ ಸಂಸತ್ತು ಎರಡು ಕಾಯ್ದೆ ಮಾಡಿತು. ಒಂದು, ಓಂ ಕೈಯಲ್ಲುಳಿದ ಆಸ್ತಿಯನ್ನು ಸಂತ್ರಸ್ತರಿಗಾಗಿ ವಸೂಲು ಮಾಡಲು. ಇನ್ನೊಂದು, ಮೊದಲೇ ಹೇಳಿದ ನಿಯಂತ್ರಣ ಕಾಯ್ದೆ.

ಇದರಲ್ಲಿ ಎರಡು ಮೆಟ್ಟಿಲು. ಮೊದಲನೆಯದು ನಿಗಾ. ಗುಂಪು ಮೂರು ತಿಂಗಳಿಗೊಮ್ಮೆ ಸದಸ್ಯರ ಹೆಸರು ವಿಳಾಸ, ಬಳಸುತ್ತಿರುವ ಜಾಗ ಮತ್ತು ಕಟ್ಟಡಗಳ ವಿಸ್ತೀರ್ಣ, ಉಪಯೋಗ, ಆಸ್ತಿ ಸಾಲದ ಲೆಕ್ಕ ಎಲ್ಲವನ್ನೂ ಭದ್ರತಾ ತನಿಖಾ ಸಂಸ್ಥೆಗೆ ಕೊಡಬೇಕು. ಅಧಿಕಾರಿಗಳು ಕಟ್ಟಡದೊಳಗೆ ಹೋಗಿ ತಪಾಸಣೆ ಮಾಡಬಹುದು. ಊರವರಿಗೆ ಮುಖ್ಯವಾದದ್ದು 32ನೇ ವಿಧಿ: ಸಂಬಂಧಪಟ್ಟ ಪುರಸಭೆಯ ಮುಖ್ಯಸ್ಥರು ಕೇಳಿದರೆ ತನಿಖೆಯ ಫಲಿತಾಂಶವನ್ನು ಅವರಿಗೆ ಕೊಡಬಹುದು. ಕೇಳಬೇಕು, ಕೇಳದಿದ್ದರೆ ತಾನಾಗಿ ಬರುವುದಿಲ್ಲ. ನಿಗಾದ ಅವಧಿ ಹೆಚ್ಚೆಂದರೆ 3 ವರ್ಷ. 2000ದ ಫೆಬ್ರುವರಿಯಿಂದ ಇಂದಿನವರೆಗೂ ನವೀಕರಣ ಆಗುತ್ತ ಬಂದಿದೆ, 2024ರ ಜನವರಿಯಲ್ಲೂ ಆಯಿತು.

ಎರಡನೆಯ ಮೆಟ್ಟಿಲು ಮರುಕಳಿಕೆ ತಡೆ ಕ್ರಮ. ಇಲ್ಲಿ ಯಾವ ಹೆಸರಿನಲ್ಲೇ ಆಗಲಿ ಹೊಸ ಜಾಗ ಕೊಳ್ಳುವುದನ್ನು, ಬಾಡಿಗೆ ಪಡೆಯುವುದನ್ನು, ಇರುವ ಕಟ್ಟಡ ಬಳಸುವುದನ್ನು, ದೇಣಿಗೆ ಪಡೆಯುವುದನ್ನು ಗರಿಷ್ಠ 6 ತಿಂಗಳು ತಡೆಯಬಹುದು. ‘ಯಾವ ಹೆಸರಿನಲ್ಲೇ ಆಗಲಿ’ ಎಂಬ ಮಾತು ಕಾಯ್ದೆಯಲ್ಲೇ ಇದೆ. ನಮಿನೊದ ದಾನಪತ್ರ, ಮತ್ಸುಮೊಟೊದ ಮುಖವಾಡ ಎರಡಕ್ಕೂ ಉತ್ತರ ಅದು. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ. 2000ದಲ್ಲಿ ಓಂ ತನ್ನ ಹೆಸರನ್ನು ಅಲೆಫ್ ಎಂದು ಬದಲಿಸಿಕೊಂಡಿತು. ಅಲೆಫ್ ಸಲ್ಲಿಸುವ ವರದಿಯಲ್ಲಿ ಆಸ್ತಿ ಏಕಾಏಕಿ ಕುಗ್ಗುತ್ತ ಹೋಗಿ, ಸದಸ್ಯರ ವಿವರವೂ ಅಪೂರ್ಣವಾಗಿದೆ ಎಂದಾದ ಮೇಲೆ 2023ರ ಮಾರ್ಚ್‌ನಲ್ಲಿ ಮೊದಲ ಸಲ ಈ ಕ್ರಮ ಬಂತು. ಆಯ್ದ ಕಟ್ಟಡಗಳ ಬಳಕೆ ಮತ್ತು ದೇಣಿಗೆ ಸ್ವೀಕಾರಕ್ಕೆ ತಡೆ. ಆಮೇಲೂ ಆರಾರು ತಿಂಗಳಿಗೆ ಮುಂದುವರಿಸಿದ್ದಾರೆ. 2020ರಲ್ಲಿ ಸುಪ್ರೀಂ ಕೋರ್ಟ್ ಅಂತಿಮಗೊಳಿಸಿದ ನೂರು ಕೋಟಿ ಯೆನ್‌ಗೂ ಮೀರಿದ ಪರಿಹಾರ ಸಂತ್ರಸ್ತರಿಗೆ ಸಲ್ಲಬೇಕಿದೆ. ಲೆಕ್ಕದ ಪುಸ್ತಕದಲ್ಲಿ ಆಸ್ತಿ ಕರಗುವುದಕ್ಕೂ ಇದಕ್ಕೂ ನಂಟಿದೆ ಎಂಬುದು ಊರಿನ ಸಂಘಗಳ ಆರೋಪ, ಅದರಲ್ಲಿ ಹುರುಳಿದೆ ಅನಿಸುತ್ತದೆ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯೇ ಎಂಬ ಪ್ರಶ್ನೆಯೂ ಇದೆ. 2007ರಲ್ಲಿ ಅಲೆಫ್‌ನಿಂದ ಒಡೆದ ‘ಹಿಕಾರಿ ನೊ ವಾ’ ಗುಂಪು ಅಸಹರಾನನ್ನು ಕೈಬಿಟ್ಟಿದ್ದೇವೆ ಎನ್ನುತ್ತದೆ. 2017ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಅದರ ಮೇಲಿನ ನಿಗಾ ತಪ್ಪು ಎಂದಿತು, 2019ರಲ್ಲಿ ಹೈಕೋರ್ಟ್ ಆ ತೀರ್ಪನ್ನು ತಿರುಗಿಸಿತು.

ಬೀದಿಯಲ್ಲಿ ಕೂತವರು

ಟೋಕಿಯೊದ ಸೆತಗಾಯಾ ವಾರ್ಡಿನ ಕರಸುಯಾಮಾ ಬಡಾವಣೆಗೆ 2000ದ ಕೊನೆಯಲ್ಲಿ ಹತ್ತಾರು ಅನುಯಾಯಿಗಳು ಬಂದು ಒಂದು ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದರು. ಅಲ್ಲಿನ ನಿವಾಸಿಗಳ ಸಂಘ ಅಂದಿನಿಂದ ಇಂದಿನವರೆಗೂ ಬಿಟ್ಟಿಲ್ಲ. ಕೆಲಸ ಹೇಗೆ ನಡೆಯುತ್ತದೆ ಎಂದರೆ, ಬಡಾವಣೆಯ ಬೀದಿ ಸಂಘಗಳು ಮತ್ತು ಅಂಗಡಿ ಬೀದಿಯವರು ಒಂದು ಒಕ್ಕೂಟ ಮಾಡಿಕೊಳ್ಳುತ್ತಾರೆ. ಯಾರ ಮನೆಯೋ ಒಂದು ಮೂಲೆಯಲ್ಲಿ ಕಾವಲು ಗುಡಿಸಲು. ಪಾಳಿಯಲ್ಲಿ ಇಬ್ಬರು ಕೂತು ಬಂದು ಹೋಗುವವರನ್ನು ಗಮನಿಸುತ್ತಾರೆ. ನಿಯತವಾಗಿ ಮೆರವಣಿಗೆ, ಅದರ ಜೊತೆಗೆ ಉಪನ್ಯಾಸ. ಉಪನ್ಯಾಸದ ವಿಷಯ ಹೆಚ್ಚಾಗಿ ಸೇರ್ಪಡೆಯ ತಂತ್ರ: ಪುಸ್ತಕದಂಗಡಿಯಲ್ಲಿ ಯೋಗದ ಕಪಾಟಿನ ಮುಂದೆ ನಿಂತವರನ್ನು ಮಾತಾಡಿಸುವುದು, ಹೆಸರು ಮರೆಮಾಚಿದ ಯೋಗ ತರಗತಿಗೆ ಕರೆಯುವುದು, ತಿಂಗಳುಗಟ್ಟಲೆ ಸ್ನೇಹ ಬೆಳೆಸಿ ಆಮೇಲೆ ಅಸಹರಾನ ಹೆಸರು ಹೇಳುವುದು.

ಅದಾಚಿ ವಾರ್ಡು ಇನ್ನೊಂದು ದಾರಿ ಹಿಡಿಯಿತು. 2010ರಲ್ಲಿ ಅಲೆಫ್ ಅಲ್ಲಿ ಕಟ್ಟಡ ಪಡೆದಾಗ, ಅಕ್ಟೋಬರಿನಲ್ಲಿ ವಾರ್ಡು ತನ್ನದೇ ಉಪಕಾನೂನು ಮಾಡಿತು. ಅದು ಹೊರಹೋಗಿ ಎನ್ನುವುದಿಲ್ಲ. ಸದಸ್ಯರ ವಿವರ ಮತ್ತು ಚಟುವಟಿಕೆಯನ್ನು ವಾರ್ಡಿಗೆ ವರದಿ ಮಾಡಿ, ಮಾಡದಿದ್ದರೆ 50 ಸಾವಿರ ಯೆನ್‌ವರೆಗೆ ದಂಡ ಎನ್ನುತ್ತದೆ. ದಂಡ ಸಣ್ಣದು. ಆದರೆ ಇದು ನಮಿನೊದ 92 ಕೋಟಿಯಿಂದ ಬಹಳ ದೂರ ಬಂದಿದೆ.

ತೊಂದರೆ ಬರುವುದು ಮನುಷ್ಯರ ಕಡೆಯಿಂದ. 2000ದಲ್ಲಿ ಐವತ್ತರ ವಯಸ್ಸಿನಲ್ಲಿ ಪಾಳಿಗೆ ಕೂತವರಿಗೆ ಈಗ ಎಪ್ಪತ್ತೈದು. ಬಡಾವಣೆಗೆ ಹೊಸದಾಗಿ ಬಾಡಿಗೆಗೆ ಬಂದ ದಂಪತಿಗೆ ‘ಓಂ’ ಎಂದರೆ ಶಾಲೆಯ ಪಾಠ. ಅತ್ತ ಗುಂಪಿಗೆ ಹೊಸದಾಗಿ ಸೇರುವವರಲ್ಲೂ ದಾಳಿಯ ಕಾಲದಲ್ಲಿ ಹುಟ್ಟಿಯೇ ಇಲ್ಲದ ಹುಡುಗ ಹುಡುಗಿಯರು ಬಹಳ. ತನಿಖಾ ಸಂಸ್ಥೆಯ ಲೆಕ್ಕದಲ್ಲಿ ಎಲ್ಲ ಗುಂಪುಗಳ ಸದಸ್ಯರು ಸೇರಿ ಈಗಲೂ ಸುಮಾರು 1,600.

ಮತ್ತೆ ಹರಾಜಿನ ಷರತ್ತಿಗೆ

ಖಾಸಗಿ ಮನೆ, ಖಾಸಗಿ ಗೋದಾಮುಗಳ ವಿಷಯದಲ್ಲಿ ಊರು ಹೊರಗಿನ ವ್ಯಕ್ತಿ. ಸಾರ್ವಜನಿಕ ಕಟ್ಟಡದಲ್ಲಿ ಹಾಗಲ್ಲ, ಅಲ್ಲಿ ಊರೇ ಮಾರುವವನು. ಹಾಗಾಗಿ ಷರತ್ತು ಹಾಕುವ ಜಾಗ ಅದೊಂದೇ.

ಬಾಡಿಗೆಗೆ ಕೊಡುವ ಪುರಭವನದ ಕಥೆ ಬೇರೆ ಎಂಬುದನ್ನು ಇಲ್ಲೇ ಹೇಳಬೇಕು. ಸ್ಥಳೀಯ ಸ್ವಾಯತ್ತತೆ ಕಾಯ್ದೆಯ 244ನೇ ವಿಧಿಯ ಪ್ರಕಾರ ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸೌಲಭ್ಯ ನಿರಾಕರಿಸುವಂತಿಲ್ಲ. ಇಝುಮಿಸಾನೊ ಪುರಭವನದ ಪ್ರಕರಣದಲ್ಲಿ, 1995ರ ಮಾರ್ಚ್ 7ರಂದು, ಅಂದರೆ ಸಾರಿನ್ ದಾಳಿಗೆ ಹದಿಮೂರು ದಿನ ಮೊದಲು, ಸುಪ್ರೀಂ ಕೋರ್ಟ್ ಇದಕ್ಕೆ ಅಳತೆಗೋಲು ಕೊಟ್ಟಿತು: ಅಪಾಯ ಸ್ಪಷ್ಟವಾಗಿ, ಕಣ್ಣೆದುರೇ ಇರಬೇಕು. ಏನಾದರೂ ಆದೀತು ಎಂಬ ಅಳುಕು ಸಾಲದು. ಒಂದು ಸಂಜೆಯ ಸಭೆಗೆ ಬಾಗಿಲು ಮುಚ್ಚುವುದು ಕಷ್ಟ, ಶಾಶ್ವತ ಮಾರಾಟದಲ್ಲಿ ಷರತ್ತು ಹಾಕುವುದು ಸುಲಭ. ವಿಚಿತ್ರ ಎನಿಸಿದರೂ ಕಾನೂನು ಹಾಗಿದೆ.

ಮಾರಾಟದ ಕ್ರಮ ಹೀಗೆ. ಶಾಲೆ ಮುಚ್ಚಿದ ಮೇಲೆ ಅದನ್ನು ‘ಆಡಳಿತ ಆಸ್ತಿ’ ವರ್ಗದಿಂದ ‘ಸಾಮಾನ್ಯ ಆಸ್ತಿ’ ವರ್ಗಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಮಾರಲು ಬರುವುದಿಲ್ಲ. ಆಮೇಲೆ ಬಿಡ್. ಬಿಡ್ ಹಾಕುವವರು ತಾನು ನಿಷಿದ್ಧ ಪಟ್ಟಿಯಲ್ಲಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಕಂಪನಿಯಾದರೆ ಪದಾಧಿಕಾರಿಗಳ ಪಟ್ಟಿ ಕೊಡಬೇಕು, ಪುರಸಭೆ ಅದನ್ನು ಪೊಲೀಸರಿಗೆ ಕಳಿಸಿ ವಿಚಾರಿಸಬಹುದು. ಗೆದ್ದವರ ಒಪ್ಪಂದದಲ್ಲಿ ಇಂತಿಷ್ಟು ವರ್ಷ ಇಂಥ ಕೆಲಸಕ್ಕೆ ಬಳಸುವಂತಿಲ್ಲ, ಅಂಥವರಿಗೆ ಮಾರುವಂತಿಲ್ಲ, ಬಾಡಿಗೆ ಕೊಡುವಂತಿಲ್ಲ ಎಂದಿರುತ್ತದೆ. ಮೀರಿದರೆ ಬೆಲೆಯ ಇಷ್ಟು ಪಾಲು ದಂಡ. ಪುರಸಭೆ ಎಚ್ಚರದ್ದಾದರೆ ಮರುಖರೀದಿ ಹಕ್ಕನ್ನೂ ಸೇರಿಸುತ್ತದೆ: ಷರತ್ತು ಮುರಿದರೆ ಬೆಲೆ ಹಿಂದಿರುಗಿಸಿ ಆಸ್ತಿ ವಾಪಸ್ ಪಡೆಯುವ ಹಕ್ಕು.

ಎಡವುವುದು ಇಲ್ಲೇ. ಈ ಮರುಖರೀದಿ ಹಕ್ಕನ್ನು ಕ್ರಯದ ನೋಂದಣಿಯ ದಿನವೇ, ಅದರ ಜೊತೆಗೇ ನೋಂದಾಯಿಸಬೇಕು. ಒಪ್ಪಂದದಲ್ಲಿ ಬರೆದು ನೋಂದಣಿಯಲ್ಲಿ ಬಿಟ್ಟರೆ ಅದು ಮೊದಲ ಕೊಳ್ಳುವವನನ್ನು ಮಾತ್ರ ಕಟ್ಟಿಹಾಕುತ್ತದೆ. ಅವನಿಂದ ಕೊಂಡ ಎರಡನೆಯವನ ಮೇಲೆ ನಡೆಯುವುದಿಲ್ಲ. ಅಷ್ಟು ಹೊತ್ತಿಗೆ ದಂಡದ ಹಣ ವಸೂಲು ಮಾಡಲು ಮೊದಲ ಕೊಳ್ಳುವವನ ಕಂಪನಿಯೇ ಮುಚ್ಚಿರಬಹುದು. ಇನ್ನು ನೋಂದಾಯಿಸಿದ್ದರೂ ಸಿವಿಲ್ ಸಂಹಿತೆಯ 580ನೇ ವಿಧಿ ಮರುಖರೀದಿಗೆ 10 ವರ್ಷದ ಮಿತಿ ಹಾಕಿದೆ, ಒಪ್ಪಂದದಲ್ಲಿ ಹೆಚ್ಚು ಬರೆದರೂ ಹತ್ತಕ್ಕೇ ಇಳಿಯುತ್ತದೆ, ಮತ್ತೆ ವಿಸ್ತರಿಸಲು ಬರುವುದಿಲ್ಲ. 2014ರಲ್ಲಿ ಮಾರಿದ ಶಾಲೆಯ ಮೇಲೆ ಊರಿಗಿದ್ದ ಈ ಹಿಡಿತ 2024ಕ್ಕೆ ಮುಗಿದಿದೆ. ಕಟ್ಟಡದ ಎದುರು ಇರುವವರಿಗೆ ಅದು ಮುಗಿದ ದಿನ ಯಾವುದೆಂದು ತಿಳಿಯಬೇಕಾದರೆ ಕಾನೂನು ವ್ಯವಹಾರ ಕಚೇರಿಗೆ ಹೋಗಿ 600 ಯೆನ್ ಕೊಟ್ಟು ನೋಂದಣಿ ನಕಲು ತೆಗೆಸಬೇಕು. ಆ ನಕಲು ಯಾರು ಬೇಕಾದರೂ ತೆಗೆಸಬಹುದು, ಕಾರಣ ಹೇಳಬೇಕಾಗಿಲ್ಲ.